ನೋಟವೂ ನಮ್ಮಿಚ್ಛೆಯಾಗಲಿ

'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂಬ ಗಾದೆಯನ್ನು ಕೇಳುತ್ತಲೇ ಬೆಳೆದವರು ನಾವೆಲ್ಲ. ಉಣ್ಣುವುದು ನಮ್ಮ ಇಷ್ಟದಂತೆ, ಉಡುವುದು ತೊಡುವುದು ನೋಡುವವರ ಇಷ್ಟದಂತೆ ಎಂದು ಅದರ ತಾತ್ಪರ್ಯ. ಹೆಂಗಸರ ಪಾಲಿಗೆ ಇದರ ಮೊದಲರ್ಧ ಎಂದೂ ಪೂರ್ತಿ ನಿಜವಾಗಿರಲಿಲ್ಲ. ಎಲ್ಲರೂ ಉಂಡೆದ್ದ ಮೇಲೆ ತಳದಲ್ಲಿ ಉಳಿದದ್ದೇ ನಮ್ಮ ಊಟ. ಎರಡನೆಯ ಅರ್ಧವಂತೂ ಅಕ್ಷರಶಃ ನಿಜ. ನಮ್ಮನ್ನು ನೋಡುವವರು ಬೇರೆಯವರು, ಹೇಗೆ ನೋಡಬೇಕೆಂದು ತೀರ್ಮಾನಿಸುವವರು ಬೇರೆಯವರು, ನೋಡಿದ್ದರಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಸಾಡಬೇಕು ಎಂದು ಕತ್ತರಿ ಹಿಡಿಯುವವರೂ ಬೇರೆಯವರು.

ಸಂಶಯವಿದ್ದರೆ ಮನೆಯಲ್ಲಿರುವ ಯಾವುದಾದರೂ ಮದುವೆಯ ವಿಡಿಯೋ ಹಾಕಿ ನೋಡಿ. ಸೀರೆಯ ಸೆರಗು ಕಾಣುತ್ತದೆ, ಕೊರಳಿನ ಸರ ಕಾಣುತ್ತದೆ, ಉಡುಗೊರೆ ಹಿಡಿದು ಸಾಲು ನಿಂತ ಗಣ್ಯರು ಕಾಣುತ್ತಾರೆ. ಹಿಂದಿನ ರಾತ್ರಿ ನಿದ್ದೆಗೆಟ್ಟು ಹೂ ಕಟ್ಟಿದ, ತಾಂಬೂಲ ಜೋಡಿಸಿದ ಹೆಂಗಸರು ಎಲ್ಲಿ? ಹಸೆಗೆ ಕರೆಯುವಾಗ ನಾಲ್ವರು ಹಿರಿಯರು ಕೂಡಿ ಹೇಳಿದ ಹಾಡು ಎಲ್ಲಿ? ಅವರ ಬಾಯಿ ಆಡುವುದೇನೋ ಕಾಣುತ್ತದೆ. ಕಿವಿಗೆ ಬೀಳುವುದು ಮಾತ್ರ ಮೇಲೆ ಅಂಟಿಸಿದ ಯಾವುದೋ ಸಿನಿಮಾ ಹಾಡು. ವಿಡಿಯೋದವನನ್ನು ಬೈದು ಪ್ರಯೋಜನವಿಲ್ಲ. ದುಡ್ಡು ಕೊಟ್ಟವರು ಏನು ಬಯಸುತ್ತಾರೋ ಅದನ್ನು ಅವನು ಕೊಟ್ಟ. ಆದರೆ ಆ ಹಾಡು ಬಲ್ಲ ನಾಲ್ವರಲ್ಲಿ ಇಬ್ಬರು ಈಗ ಇಲ್ಲ ಎಂದುಕೊಳ್ಳಿ. ಬಾಯಿ ಆಡುವ ಚಿತ್ರವನ್ನು ಇಟ್ಟುಕೊಂಡು ನಾವು ಏನು ಮಾಡೋಣ?

ಆದ್ದರಿಂದ ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಗೆ ವಿಡಿಯೋ ತೆಗೆಯುವ ಕ್ಯಾಮೆರಾ ಬರುವುದಾದರೆ ಅದನ್ನು ಆರಿಸುವವಳೂ ಹಿಡಿಯುವವಳೂ ಮನೆಯ ಹೆಂಗಸಾಗಬೇಕು. ಅದಕ್ಕೆ ಲಕ್ಷಗಟ್ಟಲೆ ಹಣ ಬೇಡ, ಇಂಜಿನಿಯರಿಂಗ್ ಓದಿರಬೇಕಾಗಿಲ್ಲ, ಮಗ ಬೆಂಗಳೂರಿನಿಂದ ರಜಕ್ಕೆ ಬರುವ ತನಕ ಕಾಯಲೂ ಬೇಕಾಗಿಲ್ಲ.

ಇಷ್ಟು ಹೇಳಿದ ಕೂಡಲೇ ಬರುವ ಮೊದಲ ಆಕ್ಷೇಪ ನನಗೆ ಗೊತ್ತು: 'ಮೊಬೈಲ್ ಇದೆಯಲ್ಲ, ಅದು ಸಾಲದೇ?' ಮೊಮ್ಮಗಳ ನೃತ್ಯವನ್ನು ಅತ್ತಿಗೆಗೆ ಕಳಿಸಲು ಖಂಡಿತ ಸಾಕು. ಅಷ್ಟೇ ಬೇಕಾದವರು ಬೇರೇನೂ ಕೊಳ್ಳಬಾರದು. ಆದರೆ ಒಂದು ಗಂಟೆ ಕುಳಿತು ಅಜ್ಜಿಯ ಮಾತನ್ನೋ ಹಾಡನ್ನೋ ಹಿಡಿಯಬೇಕೆಂದಾಗ ಮೊಬೈಲಿನ ನಿಜ ಸ್ವರೂಪ ಗೊತ್ತಾಗುತ್ತದೆ. ಹಾಡು ಅರ್ಧವಾಗುವಾಗ ಅದಕ್ಕೆ ಫೋನ್ ಬರುತ್ತದೆ. ನಮ್ಮ ಹಳೆಯ ಮನೆಗಳ ನಡುಮನೆಯ ಮಬ್ಬಿನಲ್ಲಿ ಅದರ ಚಿತ್ರ ಕದಡಿದ ನೀರಿನಂತಾಗುತ್ತದೆ, ಏಕೆಂದರೆ ಬೆಳಕನ್ನು ಹಿಡಿಯುವ ಅದರ ಸೆನ್ಸರ್ ಉಗುರಿಗಿಂತ ಚಿಕ್ಕದು. ಇಷ್ಟಾದ ಮೇಲೆ 'ಜಾಗ ತುಂಬಿದೆ' ಎಂದು ಮನೆಯ ಹುಡುಗರು ಅಳಿಸುವುದೂ ಮೊದಲು ಅಜ್ಜಿಯನ್ನೇ.

ಇದಕ್ಕೆ ಮುಂದಿನ ಮೆಟ್ಟಿಲು ಮಿರರ್‌ಲೆಸ್, ಅಂದರೆ ಕನ್ನಡಿಯಿಲ್ಲದ ಕ್ಯಾಮೆರಾ. ಹಿಂದೆ ಸ್ಟುಡಿಯೋದವರು ಹಿಡಿಯುತ್ತಿದ್ದ ದಪ್ಪ ಕ್ಯಾಮೆರಾದ ಒಳಗೆ ಒಂದು ಕನ್ನಡಿ ಇರುತ್ತಿತ್ತು. ಲೆನ್ಸಿನಿಂದ ಬಂದ ಬೆಳಕನ್ನು ಅದು ಮೇಲಕ್ಕೆ ತಿರುಗಿಸಿ ಕಣ್ಣಿಗೆ ತೋರಿಸುತ್ತಿತ್ತು. ಫೋಟೋ ತೆಗೆಯುವ ಕ್ಷಣದಲ್ಲಿ ಟಪ್ಪೆಂದು ಮೇಲೇಳುತ್ತಿತ್ತು. ವಿಡಿಯೋ ತೆಗೆಯುವಾಗ ಬೆಳಕು ನಿರಂತರವಾಗಿ ಸೆನ್ಸರಿನ ಮೇಲೆ ಬೀಳಬೇಕು. ಹಾಗಾಗಿ ಕನ್ನಡಿ ಉದ್ದಕ್ಕೂ ಕೈಕಟ್ಟಿ ಮೇಲೆಯೇ ನಿಂತಿರಬೇಕು. ಅದು ಇದ್ದೂ ಇಲ್ಲದ ಹಾಗೆ. 2008ರಲ್ಲಿ ಪ್ಯಾನಾಸೋನಿಕ್ ಕಂಪನಿ ಲೂಮಿಕ್ಸ್ ಜಿ1 ಎಂಬ ಕ್ಯಾಮೆರಾದಲ್ಲಿ ಆ ಕನ್ನಡಿಯನ್ನೇ ತೆಗೆದುಹಾಕಿತು. ಲೆನ್ಸ್ ಬದಲಾಯಿಸುವ ಸೌಲಭ್ಯ ಉಳಿಯಿತು, ಗಾತ್ರ ತಗ್ಗಿತು. ಮರುವರ್ಷ ಬಂದ ಜಿಎಚ್1ರಲ್ಲಿ ವಿಡಿಯೋ ಕೂಡ ಬಂತು. ಇಂದು ವಿಡಿಯೋಗೆಂದು ಕೊಳ್ಳುವವರು ಕನ್ನಡಿಯ ಕ್ಯಾಮೆರಾದ ಕಡೆ ತಿರುಗಿ ನೋಡಬೇಕಾಗಿಲ್ಲ.

ಎರಡನೆಯ ಆಕ್ಷೇಪವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಮುಖದಲ್ಲಿ ತೋರಿಸುತ್ತಾರೆ: 'ನಿಮಗೆ ಇದೆಲ್ಲ ತಿಳಿಯುವುದಿಲ್ಲ.' ನಾನು ಕ್ಯಾಮೆರಾ ನೋಡಲು ಹೋದ ಅಂಗಡಿಯಲ್ಲಿ ಕೇಳಿದ ಮೊದಲ ಪ್ರಶ್ನೆ, 'ಸರ್ ಬಂದಿಲ್ವಾ ಮೇಡಂ?' ಎಂದು. ಬಂದಿಲ್ಲ ಎಂದೆ. 'ಹಾಗಾದ್ರೆ ಸಿಂಪಲ್ಲಾಗಿರೋದು ತೋರಿಸ್ತೀನಿ' ಎಂದ ಆ ಹುಡುಗ. ಪಕ್ಕದಲ್ಲಿ ನಿಂತಿದ್ದ ಕಾಲೇಜು ಹುಡುಗನಿಗೆ, ಅವನ ಜೇಬಿನಲ್ಲಿ ಎಷ್ಟಿದೆ ಎಂದು ಕೇಳದೆಯೇ, ಫುಲ್ ಫ್ರೇಮ್ ಕ್ಯಾಮೆರಾ ತೆಗೆದುಕೊಟ್ಟ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳಿಗೆ 'ಸಿಂಪಲ್ಲು', ಅಪ್ಪನ ದುಡ್ಡಿನಲ್ಲಿ ಬಂದವನಿಗೆ ದೊಡ್ಡದು.

ತಿಳಿಯುವುದಿಲ್ಲ ಎನ್ನುವವರಿಗೆ ಮೂರು ಹೆಸರು ಹೇಳುತ್ತೇನೆ. ಹೋಮಾಯಿ ವ್ಯಾರಾವಾಲಾ ನಮ್ಮ ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ. ಇಂದಿನ ಕ್ಯಾಮೆರಾಗಳಿಗಿಂತ ಎಷ್ಟೋ ಭಾರವಾದ ಸ್ಪೀಡ್ ಗ್ರಾಫಿಕ್ ಕ್ಯಾಮೆರಾವನ್ನು ಸೀರೆಯುಟ್ಟು ಹೊತ್ತು ತಿರುಗಿದವರು. ಅವರ ಮೊದಲ ಚಿತ್ರಗಳು ಅಚ್ಚಾದದ್ದು ಗಂಡನ ಹೆಸರಿನಲ್ಲಿ. ಪದ್ಮವಿಭೂಷಣ ಬಂದದ್ದು 2011ರಲ್ಲಿ, ತೊಂಬತ್ತೇಳರ ಹೊತ್ತಿಗೆ. ನಮ್ಮ 'ಸ್ಕೂಲ್ ಮಾಸ್ಟರ್', 'ಕಿತ್ತೂರು ಚೆನ್ನಮ್ಮ' ಚಿತ್ರಗಳನ್ನು ಕೊಟ್ಟ ಬಿ.ಆರ್. ಪಂತುಲು ಅವರ ಮಗಳು ಬಿ.ಆರ್. ವಿಜಯಲಕ್ಷ್ಮಿ 1985ರಲ್ಲಿ ತಮಿಳಿನ 'ಚಿನ್ನ ವೀಡು' ಚಿತ್ರಕ್ಕೆ ಕ್ಯಾಮೆರಾ ಹಿಡಿದರು. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'ನನ್ನು 1983ರಲ್ಲಿ ಚಿತ್ರ ಮಾಡಿದ ಪ್ರೇಮಾ ಕಾರಂತರನ್ನಂತೂ ನಾವು ಬಲ್ಲೆವು. ಇವರ್‍ಯಾರೂ 'ಸರ್ ಬರಲಿ' ಎಂದು ಕಾಯಲಿಲ್ಲ.

ಇನ್ನು ಆ ವಿದ್ಯೆಯಾದರೂ ಎಷ್ಟು ಗಹನ? ಮುಖ್ಯವಾಗಿ ಮೂರು ಅಂಕಿ. ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ ಎಂಬುದೊಂದು, ಬೆಳಕು ಎಷ್ಟು ಹೊತ್ತು ಒಳಗೆ ಬರುತ್ತದೆ ಎಂಬುದೊಂದು, ಬಂದ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸುತ್ತದೆ ಎಂಬ ಐಎಸ್‌ಒ ಇನ್ನೊಂದು. ಪಾಕ ಒಂದೆಳೆಗೆ ಬಂತೋ ಎರಡೆಳೆಗೆ ಬಂತೋ ಎಂದು ಬೆರಳ ತುದಿಯಲ್ಲಿ ಹೇಳಬಲ್ಲವರಿಗೆ ಈ ಮೂರು ಅಂಕಿ ಒಂದು ವಾರದ ಕೆಲಸ.

ಹಾಗಾದರೆ ಆರಿಸುವುದು ಹೇಗೆ? ಅಂಗಡಿಯವರು ಎತ್ತಿ ಹೇಳುವುದು ಎರಡು ಸಂಗತಿ: ಮೆಗಾಪಿಕ್ಸೆಲ್ ಮತ್ತು ಫುಲ್ ಫ್ರೇಮ್. ಎರಡನ್ನೂ ಪಕ್ಕಕ್ಕಿಡಿ. 4ಕೆ ವಿಡಿಯೋದ ಒಂದು ಚೌಕಟ್ಟಿಗೆ ಬೇಕಾಗುವುದು ಎಂಟು ಮೆಗಾಪಿಕ್ಸೆಲ್ಲಿಗಿಂತ ತುಸು ಹೆಚ್ಚು, ಅಷ್ಟೇ. ಇಪ್ಪತ್ತು ಇದ್ದರೂ ಅದು ಧಾರಾಳ. ಫುಲ್ ಫ್ರೇಮ್ ಎಂದರೆ ಹಳೆಯ ರೀಲಿನ ಒಂದು ಚೌಕದಷ್ಟು ದೊಡ್ಡ ಸೆನ್ಸರ್, 36 ಮಿಲಿಮೀಟರ್ ಉದ್ದ, 24 ಮಿಲಿಮೀಟರ್ ಅಗಲ. ಕತ್ತಲಲ್ಲಿ ಅದು ಚೆನ್ನ, ನಿಜ. ಆದರೆ ಅದರ ಲೆನ್ಸುಗಳ ಬೆಲೆಯೂ ಭಾರವೂ ಅದಕ್ಕೆ ತಕ್ಕ ಹಾಗೆಯೇ. ಅದಕ್ಕಿಂತ ಒಂದು ಅಳತೆ ಚಿಕ್ಕದು ಎಪಿಎಸ್-ಸಿ. ಮೊಬೈಲಿನದಕ್ಕಿಂತ ಅದು ಹಲವು ಪಟ್ಟು ದೊಡ್ಡದು, ಮನೆಮಟ್ಟಿಗೆ ಯಥೇಚ್ಛ.

ಬದಲಿಗೆ ಈ ಐದು ಪ್ರಶ್ನೆ ಕೇಳಿ. ಹೊರಗಿನ ಮೈಕ್ ಸಿಕ್ಕಿಸಲು ತೂತು ಇದೆಯೇ? ಪರದೆ ಪಕ್ಕಕ್ಕೆ ತೆರೆದು ನಮ್ಮ ಕಡೆ ತಿರುಗುತ್ತದೆಯೇ? 4ಕೆ ತೆಗೆಯುವಾಗ ಚಿತ್ರದ ಅಂಚು ಎಷ್ಟು ಕತ್ತರಿಸಿ ಹೋಗುತ್ತದೆ, ಮುಖವನ್ನು ಹಿಂಬಾಲಿಸುವ ಫೋಕಸ್ ಆಗಲೂ ಚುರುಕಾಗಿರುತ್ತದೆಯೇ? ಒಂದೇ ಸಮನೆ ಎಷ್ಟು ಹೊತ್ತು ಓಡುತ್ತದೆ? ಕೊನೆಯದು, ಐದು ನಿಮಿಷ ಎತ್ತಿ ಹಿಡಿದರೆ ನನ್ನ ಮಣಿಕಟ್ಟು ನೋಯುತ್ತದೆಯೇ? ಈ ಕೊನೆಯ ಪ್ರಶ್ನೆಗೆ ನಿಮ್ಮ ಪರವಾಗಿ ಮಗನಾಗಲಿ ಗಂಡನಾಗಲಿ ಉತ್ತರ ಹೇಳಲಾರರು. ಆರಿಸುವವರು ನಾವೇ ಆಗಬೇಕೆನ್ನಲು ಇದೊಂದೇ ಕಾರಣ ಸಾಕು.

ಎಲ್ಲಕ್ಕಿಂತ ಅಗ್ಗವಾದದ್ದೇ 'ಸಿಂಪಲ್ಲು' ಎಂಬ ಮಾತನ್ನು ನಂಬಬೇಡಿ. ಒಂದು ಉದಾಹರಣೆ ನೋಡಿ. 2023ರಲ್ಲಿ ಕೆನಾನ್ ಕಂಪನಿ ಆರ್50, ಆರ್100 ಎಂಬ ಎರಡು ಕ್ಯಾಮೆರಾಗಳನ್ನು ತಂದಿತು. ಹೊರಗಿನಿಂದ ಅಕ್ಕತಂಗಿಯರಂತೆ ಕಾಣುತ್ತವೆ. ಅಗ್ಗವಾದ ಆರ್100ರ ಪರದೆ ತಿರುಗುವುದಿಲ್ಲ, ಬೆರಳಿನಿಂದ ಮುಟ್ಟಿ ಆರಿಸಲು ಬರುವುದಿಲ್ಲ, 4ಕೆಯಲ್ಲಿ ಚಿತ್ರದ ಅಂಚು ಬಹಳ ಕತ್ತರಿಸಿ ಹೋಗುತ್ತದೆ, ಫೋಕಸ್ ತಡವರಿಸುತ್ತದೆ. ಫೋಟೋಗೆ ಅದು ಆದೀತು, ವಿಡಿಯೋಗಲ್ಲ. ಆರ್50ರಲ್ಲಿ ಈ ತೊಡಕು ಯಾವುದೂ ಇಲ್ಲ. ಸೆನ್ಸರಿನ ಪೂರ್ತಿ ಅಗಲದಿಂದ 4ಕೆ ತೆಗೆಯುತ್ತದೆ, ಬ್ಯಾಟರಿ ಕಾರ್ಡು ಸೇರಿ ಸುಮಾರು 375 ಗ್ರಾಂ, ಕಣ್ಣಿಟ್ಟು ನೋಡುವ ಕಿಂಡಿಯೂ ಉಂಟು. ಒಂದು ಸಲಕ್ಕೆ ಒಂದು ಗಂಟೆ ಓಡುತ್ತದೆ.

ಇದೇ ಮಟ್ಟದಲ್ಲಿ ಇನ್ನೆರಡು ನೋಡುವಂಥವು. 2021ರಲ್ಲಿ ಬಂದ ಸೋನಿ ಜಡ್‌ವಿ-ಇ10, ಸುಮಾರು 343 ಗ್ರಾಂ. ಮೈಕಿನ ತೂತಿನ ಜೊತೆಗೆ ಹೆಡ್‌ಫೋನ್ ತೂತೂ ಇರುವುದು ಇದರ ಹೆಚ್ಚುಗಾರಿಕೆ. ಧ್ವನಿ ಸರಿಯಾಗಿ ಬರುತ್ತಿದೆಯೋ ಇಲ್ಲವೋ ಎಂದು ಆಗಲೇ ಕಿವಿಯಾರೆ ಕೇಳಬಹುದು. ಆದರೆ ಸೆಕೆಂಡಿಗೆ 30 ಚೌಕಟ್ಟಿನ 4ಕೆಯಲ್ಲಿ ಅಂಚು ಸ್ವಲ್ಪ ಕತ್ತರಿಸುತ್ತದೆ, ಕ್ಯಾಮೆರಾವನ್ನು ಬೇಗ ತಿರುಗಿಸಿದರೆ ಕಂಬಗಳು ಬಾಗಿದಂತೆ ಕಾಣುತ್ತವೆ. 2022ರ ನಿಕಾನ್ ಜಡ್30 ಸುಮಾರು 405 ಗ್ರಾಂ. ಹಿಡಿಕೆ ದಪ್ಪವಾಗಿದ್ದು ಕೈಗೆ ಭದ್ರ, ಅನುಕೂಲ ಕೂಡಿಬಂದರೆ ಎರಡು ಗಂಟೆಯವರೆಗೂ ಓಡುತ್ತದೆ. ಮೂರರಲ್ಲಿ ಯಾವುದನ್ನು ಕೊಂಡರೂ ಮೋಸವಿಲ್ಲ. ಹೊಸದಕ್ಕೆ ಹಣ ಸಾಲದಿದ್ದರೆ ಒಬ್ಬರು ಬಳಸಿದ್ದನ್ನು ಕೊಳ್ಳಬಹುದು. ಹತ್ತು ನಿಮಿಷ ವಿಡಿಯೋ ತೆಗೆದು, ಲೆನ್ಸನ್ನು ಬೆಳಕಿಗೆ ಹಿಡಿದು ಒಳಗೆ ಬೂಷ್ಟು ಇದೆಯೇ ಎಂದು ನೋಡಿಯೇ ಹಣ ಕೊಡಿ.

ದುಡ್ಡಿನ ಮಾತಿಗೆ ಬರೋಣ. ಕ್ಯಾಮೆರಾದ ಮೇಲಿನ ಜಿಎಸ್‌ಟಿ 2019ರ ಜನವರಿಯಲ್ಲಿ ಶೇಕಡಾ 28ರಿಂದ 18ಕ್ಕೆ ಇಳಿಯಿತು. ಆದರೂ ಈ ಕ್ಯಾಮೆರಾಗಳು ಲೆನ್ಸ್ ಸೇರಿ ಅರ್ಧ ಲಕ್ಷ ದಾಟುವಂಥವೇ. ಸಣ್ಣ ಮೊತ್ತವಲ್ಲ, ಒಪ್ಪಿದೆ. ಆದರೆ ಇಂದಿನ ದರದಲ್ಲಿ ಅದು ಹತ್ತು ಗ್ರಾಂ ಚಿನ್ನಕ್ಕಿಂತ ಕಡಿಮೆ. ಮಗಳ ಮದುವೆಗೆ ಇನ್ನೊಂದು ಜೊತೆ ಬಳೆ ಮಾಡಿಸುವಾಗ ಯಾರೂ 'ಇದು ಯಾಕೆ' ಎಂದು ಕೇಳುವುದಿಲ್ಲ. ಆ ಬಳೆ ಬ್ಯಾಂಕಿನ ಲಾಕರಿನಲ್ಲಿ ಮಲಗುತ್ತದೆ. ಕ್ಯಾಮೆರಾ ಎಂದರೆ ಮಾತ್ರ 'ಹೆಂಗಸರಿಗೆ ಯಾಕೆ ಈ ಶೋಕಿ' ಎಂಬ ಪ್ರಶ್ನೆ. ಒಬ್ಬರಿಗೆ ಕಷ್ಟವಾದರೆ ಐವರು ಸೇರಿ ಕೊಳ್ಳಿ. ಚೀಟಿ ನಡೆಸಿ, ಸಂಘ ಕಟ್ಟಿ, ಒಬ್ಬರ ಸಾಲಕ್ಕೆ ಇನ್ನೊಬ್ಬರು ಹೊಣೆ ನಿಂತು ಅಭ್ಯಾಸವಿರುವವರು ನಾವು. ಮಹಿಳಾ ಮಂಡಲದಲ್ಲಿ ಶಾಮಿಯಾನ, ದೊಡ್ಡ ಪಾತ್ರೆ ಇಟ್ಟಿರುವ ಹಾಗೆ ಒಂದು ಕ್ಯಾಮೆರಾ ಏಕಿರಬಾರದು?

ಒಂದು ಎಚ್ಚರ. ಇದ್ದಬದ್ದ ಹಣವನ್ನೆಲ್ಲ ಕ್ಯಾಮೆರಾಕ್ಕೇ ಸುರಿಯಬೇಡಿ. ಐದರಲ್ಲಿ ಒಂದು ಪಾಲನ್ನು ಸೆರಗಿನ ತುದಿಗೆ ಗಂಟು ಹಾಕಿಡಿ. ಅದು ಮೈಕಿಗೆ, ಮೂರು ಕಾಲಿನ ಟ್ರೈಪಾಡಿಗೆ, ಇನ್ನೊಂದು ಬ್ಯಾಟರಿಗೆ, ಕಾರ್ಡಿಗೆ. ಚಿತ್ರ ಸ್ವಲ್ಪ ಮಸುಕಾದರೂ ನೋಡುತ್ತೇವೆ, ಮಾತು ಕೇಳಿಸದಿದ್ದರೆ ಎರಡು ನಿಮಿಷಕ್ಕೆ ಎದ್ದು ಹೋಗುತ್ತೇವೆ. ಕ್ಯಾಮೆರಾದ ಮೈಕು ಅಜ್ಜಿಯ ಮಾತಿಗಿಂತ ಹೆಚ್ಚು ನಿಷ್ಠೆಯಿಂದ ಪಕ್ಕದ ಮನೆಯ ಮಿಕ್ಸಿಯನ್ನು ಕೇಳಿಸಿಕೊಳ್ಳುತ್ತದೆ. ಸೆರಗಿಗೆ ಸಿಕ್ಕಿಸುವ ಕಾಲರ್ ಮೈಕು ಒಂದಿರಲಿ. ಫ್ಯಾನು ಆರಿಸಿ, ಕುಕ್ಕರು ಇಳಿಸಿ, ಆಮೇಲೆ ಕೆಂಪು ಗುಂಡಿ ಒತ್ತಿ.

ಕಾರ್ಡಿನ ಮೇಲೆ ವಿ30 ಎಂದು ಬರೆದಿರುವುದನ್ನು ಕೇಳಿ ತೆಗೆದುಕೊಳ್ಳಿ. ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ಬರೆದುಕೊಳ್ಳುತ್ತದೆ ಎಂದು ಅದರ ಅರ್ಥ. 4ಕೆಯನ್ನು ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ತೆಗೆದರೆ ಗಂಟೆಗೆ 45 ಜಿಬಿ ಬೇಕು. ಮನೆಯ ಟಿವಿಯಲ್ಲಿ ನೋಡಲು ಫುಲ್ ಎಚ್‌ಡಿ ಸಾಕು, ಜಾಗವೂ ಉಳಿಯುತ್ತದೆ.

ಕ್ಯಾಮೆರಾ ಮನೆಗೆ ಬಂದ ದಿನವೇ ಮಾಡಬೇಕಾದ ಒಂದು ಕೆಲಸವನ್ನು ಎಷ್ಟೋ ಅಂಗಡಿಯವರು ಹೇಳುವುದಿಲ್ಲ. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡುತ್ತದೆ, ಟ್ಯೂಬ್‌ಲೈಟು ಅದರ ತಾಳಕ್ಕೆ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಕಣ್ಣಿಗೆ ಗೊತ್ತಾಗದಿದ್ದರೂ ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. ಗೋಡೆಯ ಮೇಲೆ ಪಟ್ಟೆಗಳು ಹರಿದಾಡುತ್ತವೆ. ಮೆನುವಿನಲ್ಲಿ ಪಿಎಎಲ್ ಎಂಬುದನ್ನು ಆರಿಸಿ, ಸೆಕೆಂಡಿಗೆ 25 ಚೌಕಟ್ಟು ಇಟ್ಟು, ಶಟರನ್ನು ಐವತ್ತನೇ ಒಂದು ಸೆಕೆಂಡಿಗೆ ನಿಲ್ಲಿಸಿ. ಪಟ್ಟೆ ಹೋಗುತ್ತದೆ. ಮಾತನಾಡುವವರ ಬೆನ್ನಿಗೆ ಕಿಟಕಿ ಬೇಡ, ಕಿಟಕಿಯ ಬೆಳಕು ಒಂದು ಕೆನ್ನೆಯ ಮೇಲೆ ಬೀಳುವ ಹಾಗೆ ಕೂರಿಸಿ. ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ನಿಲ್ಲಿಸಿ, ತೇರಿನಂತೆ ಎಳೆದಾಡಬೇಡಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಲೆನ್ಸನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ; ಇಲ್ಲವಾದರೆ ಉಪ್ಪಿನಕಾಯಿಗೆ ಬರುವ ಬೂಷ್ಟು ಲೆನ್ಸಿಗೂ ಬರುತ್ತದೆ. ತೆಗೆದದ್ದನ್ನು ಎರಡು ಕಡೆ ಉಳಿಸಿ, ಒಂದು ಪ್ರತಿ ಬೇರೆ ಮನೆಯಲ್ಲಿರಲಿ.

ನನ್ನ ದೊಡ್ಡಮ್ಮ ಸಂಡಿಗೆ ಇಡುವುದನ್ನು ನಾನು ಒಂದು ಬೇಸಿಗೆಯಲ್ಲಿ ತೆಗೆದೆ. ಹಿಟ್ಟು ಕುದಿಯುವಾಗ ಅವರು ಗಡಿಯಾರ ನೋಡಲಿಲ್ಲ, ಸೌಟಿನ ಸದ್ದು ಕೇಳಿದರು. ಆ ಸದ್ದು ಬದಲಾಗುವುದು ನನ್ನ ವಿಡಿಯೋದಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಯಾವ ಅಡಿಗೆ ಪುಸ್ತಕವೂ ಅದನ್ನು ಹೇಳಲಾರದು. 'ನನ್ನ ಕೈ ಯಾಕೆ ತೆಗೀತೀಯೇ, ಮುಖ ತೆಗಿ' ಎಂದರು. ಆಮೇಲೆ ಪರದೆಯಲ್ಲಿ ತೋರಿಸಿದಾಗ ಬಹಳ ಹೊತ್ತು ನೋಡಿ, 'ಇಷ್ಟು ಬೇಗ ಆಡತ್ತೇನೇ ನನ್ನ ಕೈ?' ಎಂದು ಕೇಳಿದರು. ಎಪ್ಪತ್ತು ವರ್ಷ ದುಡಿದ ಕೈಯನ್ನು ಅವರು ನೋಡಿದ್ದು ಆಗಲೇ. ಅಷ್ಟರಲ್ಲಿ ಮನೆಯ ಹುಡುಗರು, 'ಯೂಟ್ಯೂಬಿಗೆ ಹಾಕಿ ಅಜ್ಜಿ, ಫೇಮಸ್ ಆಗ್ತೀರ' ಎಂದರು. ದೊಡ್ಡಮ್ಮ, 'ಬೇಡಪ್ಪ, ಕಂಡವರೆಲ್ಲ ನೋಡೋದು ಬೇಡ' ಎಂದರು. ಹಾಕಲಿಲ್ಲ.

ಈ ಮಾತನ್ನು ಒತ್ತಿ ಹೇಳಬೇಕು. ಕ್ಯಾಮೆರಾ ನಮ್ಮ ಕೈಗೆ ಬಂದ ಮಾತ್ರಕ್ಕೆ ನ್ಯಾಯವೂ ಬಂದಂತಲ್ಲ. ಕೇಳದೆ ಕೆಲಸದವಳನ್ನು ತೆಗೆಯುವುದು, ಅಳುವ ಸೊಸೆಯನ್ನು ತೆಗೆಯುವುದು, ವಯಸ್ಸಾದವರ ಮರೆವನ್ನು ನಗೆಯಾಟಕ್ಕೆ ಹಂಚುವುದು, ಇವನ್ನು ನಾವು ಮಾಡಿದರೆ ಇಷ್ಟು ದಿನ ನಮ್ಮನ್ನು ನೋಡಿದವರಿಗೂ ನಮಗೂ ಏನು ವ್ಯತ್ಯಾಸ? ಮೊದಲು ಕೇಳಿ, ತೆಗೆದದ್ದನ್ನು ಅವರಿಗೇ ಮೊದಲು ತೋರಿಸಿ, ಬೇಡವೆಂದರೆ ಅಳಿಸಿ. ಬೇಡವೆನ್ನುವ ಹಕ್ಕು ನಮಗೆ ಯಾರೂ ಕೊಟ್ಟಿರಲಿಲ್ಲ, ನಾವಾದರೂ ಕೊಡೋಣ.

'ಇದರಿಂದ ಏನು ಲಾಭ' ಎಂದು ಕೇಳುವವರು ಇದ್ದೇ ಇರುತ್ತಾರೆ. ಒಡವೆಗೆ ಇರುವಂಥ ಲಾಭ ಇದಕ್ಕಿಲ್ಲ, ಮಾರಿದರೆ ಅರ್ಧ ಬೆಲೆಯೂ ಬಾರದು. ಆದರೆ ನಮ್ಮ ಮೊಮ್ಮಕ್ಕಳು ನಾಳೆ ಹಳೆಯದನ್ನು ಹುಡುಕಿದಾಗ ಅವರಿಗೆ ಸಿಗುವುದು ಬರೀ ಹಾರ ಹಾಕಿಸಿಕೊಂಡ ಗಂಡಸರ ಭಾಷಣವೇ ಆಗಬೇಕೆ? ಊರಿನ ಸಭೆ ಸಮಾರಂಭಗಳ ವಿಡಿಯೋಗಳಲ್ಲಿ ಅದು ಬೇಕಾದಷ್ಟಿದೆ. ಬೀಸುವವಳು, ಹೆರಿಗೆ ಮಾಡಿಸಿದವಳು, ಸಂಜೆ ಜಗಲಿಯಲ್ಲಿ ಬತ್ತಿ ಹೊಸೆಯುತ್ತ ಊರಿನ ಚರಿತ್ರೆಯನ್ನೆಲ್ಲ ಹೇಳಿದವಳು, ಇವರನ್ನು ತೆಗೆಯಲು ಯಾವ ವಿಡಿಯೋದವನೂ ಬರುವುದಿಲ್ಲ. ಅವರ ಬಳಿ ಕುಳಿತುಕೊಳ್ಳಲು ಸಲುಗೆ ಇರುವುದು ನಮಗೆ.

ಕೊನೆಗೆ ಒಂದು ಮಾತು, ನನ್ನ ವಾದಕ್ಕೆ ವಿರುದ್ಧವೆನಿಸಿದರೂ ಚಿಂತೆಯಿಲ್ಲ. ನಿಮ್ಮ ಮನೆಯಲ್ಲಿ ಹಾಡು ಬಲ್ಲ ಹಿರಿಯರು ಒಬ್ಬರಿದ್ದು, ಅವರಿಗೆ ಎಂಬತ್ತು ದಾಟಿದ್ದರೆ, ಕ್ಯಾಮೆರಾ ಬರುವ ತನಕ ಕಾಯಬೇಡಿ. ಇವತ್ತು ಸಂಜೆಯೇ ಮೊಬೈಲನ್ನು ಅವರ ಪಕ್ಕದಲ್ಲಿಟ್ಟು ಧ್ವನಿಯನ್ನಾದರೂ ಹಿಡಿದಿಡಿ. ಕ್ಯಾಮೆರಾ ಮುಂದಿನ ತಿಂಗಳು ಕೊಳ್ಳಬಹುದು.